ಒತ್ತಕ್ಷರದ ತೂಕ

ಮೆಟ್ಟೂರಿನ ನನ್ನ ಸೋದರಮಾವನಿಗೆ ಬೇಕಾಗಿದ್ದು ಇಷ್ಟೇ. ಕೊಳ್ಳೇಗಾಲದ ನಂಟರು, ಪಾಂಡವಪುರದಲ್ಲಿರುವ ನನ್ನ ಚಿಕ್ಕಮ್ಮನ ಮಗ, ಇವರು ಕಳಿಸುವ ಇಮೇಲ್ ಓದಬೇಕು, ಎರಡು ಸಾಲು ಕನ್ನಡದಲ್ಲಿ ಉತ್ತರ ಹಾಕಬೇಕು. ಫೋನಿದೆ. ಆದರೆ ಎಪ್ಪತ್ತು ದಾಟಿದ ಕಣ್ಣಿಗೆ ಫೋನಿನ ಅಕ್ಷರ ಸಾಸಿವೆ ಕಾಳು.

“ಬೀರು ಮೇಲೆ ಪಾಪು ಲ್ಯಾಪ್‌ಟಾಪು ಮಲಗೈತೆ ನೋಡು. ಅದನ್ನ ಎಬ್ಬಿಸಿಕೊಟ್ಟು ಹೋಗು” ಅಂದರು.

ಪಾಪು ಅಂದರೆ ಅವರ ಮಗಳು, ಈಗ ಅವಳಿಗೇ ಒಂದು ಪಾಪು ಇದೆ. ಪ್ಲಸ್ ಟೂ ಓದುವಾಗ ಅವಳಿಗೆ ಸಿಕ್ಕ ಸರ್ಕಾರಿ ಲ್ಯಾಪ್‌ಟಾಪ್ ಅದು. ತಮಿಳುನಾಡು ಸರ್ಕಾರ 2011ರ ಸೆಪ್ಟೆಂಬರ್ 15ರಂದು ಶುರುಮಾಡಿದ ಉಚಿತ ಲ್ಯಾಪ್‌ಟಾಪ್ ಯೋಜನೆಯಲ್ಲಿ ಬಂದದ್ದು. ಸೇಲಂ, ಧರ್ಮಪುರಿ ಕಡೆ ಇವತ್ತಿಗೂ ಎಷ್ಟೋ ಮನೆಗಳಲ್ಲಿ ಇಂಥದೊಂದು ಬೀರುವಿನ ಮೇಲೋ ಅಟ್ಟದಲ್ಲೋ ಇರುತ್ತದೆ. ಕೆಟ್ಟಿರುವುದಿಲ್ಲ, ನಿಧಾನವಾಗಿರುತ್ತದೆ, ಅಷ್ಟೆ. ಈ ಯೋಜನೆಯ ಯಂತ್ರಗಳಲ್ಲಿ ಬಾಸ್ ಎಂಬ ಲಿನಕ್ಸ್ ಕೂಡ ಬರುತ್ತಿತ್ತು. ಪೂರ್ತಿ ಹೆಸರು ಭಾರತ್ ಆಪರೇಟಿಂಗ್ ಸಿಸ್ಟಂ ಸಲ್ಯೂಷನ್ಸ್. ಡೆಬಿಯನ್ ಎಂಬ ಲಿನಕ್ಸನ್ನು ತಳಪಾಯವಾಗಿಟ್ಟುಕೊಂಡು ಚೆನ್ನೈನ ಸಿ-ಡ್ಯಾಕ್ ಸಂಸ್ಥೆ ಕಟ್ಟಿದ್ದು, ಮೊದಲ ಆವೃತ್ತಿ ಬಂದದ್ದು 2007ರಲ್ಲಿ. ಭಾರತೀಯ ಭಾಷೆಗಳಿಗೆ ಅದರಲ್ಲಿ ಮೊದಲಿನಿಂದಲೂ ಜಾಗವಿತ್ತು. ಆದರೆ ನನಗೆ ತಿಳಿದ ಮಟ್ಟಿಗೆ ಹುಡುಗರು ಅದನ್ನು ಒಂದು ಸಲ ತೆರೆದು ನೋಡಿ, ಸಿನಿಮಾ ಓಡಿಸಲು ಪಕ್ಕದ ವಿಂಡೋಸಿಗೆ ಹೋಗುತ್ತಿದ್ದರು.

ಮಾವನ ಮನೆಯ ಯಂತ್ರದಲ್ಲಿ 2 ಜಿಬಿ ರ‍್ಯಾಮ್, ತಿರುಗುವ ತಟ್ಟೆಯ ಹಳೆ ಹಾರ್ಡ್ ಡಿಸ್ಕ್. ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿದೆ, ವಯರು ಕಿತ್ತರೆ ಯಂತ್ರವೂ ಆರುತ್ತದೆ. ಗುಂಡಿ ಒತ್ತಿದೆ. ಫ್ಯಾನು ಒಂದಿಷ್ಟು ದೂಳು ಕೆಮ್ಮಿತು. ಬಾಸ್ ಎದ್ದಿತು. ಫೋನಿನಿಂದ ಹಾಟ್‌ಸ್ಪಾಟ್ ಕೊಟ್ಟು ಬ್ರೌಸರ್ ತೆರೆದರೆ ಯಾವ ಪುಟವೂ ಬಾರದು. ಒಂದೊಂದಕ್ಕೂ ಒಂದೇ ತಕರಾರು: ಈ ತಾಣವನ್ನು ನಂಬುವಂತಿಲ್ಲ.

ನನ್ನ ಮೊದಲ ಅರ್ಧ ದಿನ ಹಾಳಾದದ್ದು ಇಲ್ಲಿ. ಬ್ರೌಸರಿನ ಸೆಟ್ಟಿಂಗ್ ಜಾಲಾಡಿದೆ, ಹಾಟ್‌ಸ್ಪಾಟ್ ಬದಲಿಸಿದೆ, ಸಿಗ್ನಲ್ಲಿಗೆ ಬೈದೆ. ಕಾಫಿ ತಂದುಕೊಟ್ಟ ಅತ್ತೆ ಪರದೆಯ ಮೂಲೆ ನೋಡಿ, “ಇದರಲ್ಲಿ ಇನ್ನೂ 2010ನೇ ಇಸವಿ ನಡೀತಾ ಇದೆಯಲ್ಲೋ” ಅಂದರು. ನಡೆಯುತ್ತಿತ್ತು, ಜನವರಿ ಒಂದನೇ ತಾರೀಖು. ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ ಕೈಗಡಿಯಾರದ ಸೆಲ್ಲಿನಂಥದೊಂದು ಸೆಲ್ ಇರುತ್ತದೆ. ಯಂತ್ರ ಆರಿದ್ದಾಗಲೂ ಕಾಲ ಎಣಿಸುವುದು ಅದರ ಕೆಲಸ. ಅದು ಸತ್ತರೆ ಪ್ರತಿ ಸಲವೂ ಯಂತ್ರ ತನ್ನ ಹುಟ್ಟಿದ ದಿನಕ್ಕೆ ಮರಳುತ್ತದೆ.

ಗಡಿಯಾರಕ್ಕೂ ಇಮೇಲಿಗೂ ಏನು ಸಂಬಂಧ? ಇವತ್ತು ಅಂಚೆ ಸರ್ವರಿನ ಜೊತೆ ಮಾತಾಡಬೇಕೆಂದರೆ ಮೊದಲು ಅದು ತನ್ನ ಗುರುತಿನ ಚೀಟಿ ತೋರಿಸುತ್ತದೆ. ಚೀಟಿಯ ಮೇಲೆ “ಇಂಥ ದಿನದಿಂದ ಇಂಥ ದಿನದವರೆಗೆ ಸಿಂಧು” ಎಂದು ಬರೆದಿರುತ್ತದೆ. 2010ರಲ್ಲಿ ಕೂತಿರುವ ಯಂತ್ರದ ಕಣ್ಣಿಗೆ ಈಗಿನ ಚೀಟಿಗಳೆಲ್ಲ ಇನ್ನೂ ಹುಟ್ಟೇ ಇಲ್ಲದವು. ಅದರ ಅನುಮಾನ ನ್ಯಾಯವಾದದ್ದೇ.

ತಾರೀಖು ಸರಿಮಾಡಿದೆ. ಈಗ ಬೇರೆ ತಕರಾರು. ಗುರುತು ನೋಡಿದರಷ್ಟೇ ಸಾಲದು, ಎರಡೂ ಕಡೆಯವರು ಒಂದು ಗುಪ್ತಭಾಷೆ ಒಪ್ಪಿಕೊಂಡು ಮಾತು ಮುಂದುವರಿಸಬೇಕು. ಆ ಒಪ್ಪಂದದ ಹೆಸರು ಟಿಎಲ್‌ಎಸ್. ಅದರ 1.2ನೇ ಆವೃತ್ತಿ 2008ರಲ್ಲೇ ಗೊತ್ತುಪಡಿಸಿದ್ದರೂ ಬಹುಪಾಲು ತಂತ್ರಾಂಶಗಳು ಅದನ್ನು ಕಲಿತದ್ದು ಐದಾರು ವರ್ಷ ತಡವಾಗಿ. ಹಳೆಯ 1.0, 1.1 ಆವೃತ್ತಿಗಳಿಗೆ 2021ರ ಮಾರ್ಚಿನಲ್ಲಿ ವಿಧಿವತ್ತಾಗಿ ನಿವೃತ್ತಿ ಕೊಟ್ಟರು. ಮಾವನ ಬಾಸ್‌ಗೆ ಗೊತ್ತಿದ್ದದ್ದು ಹಳೆಯದು ಮಾತ್ರ. ಯಂತ್ರ ಹಳೆಯದಿದ್ದರೆ ನಡೆದೀತು, ಬೀಗದ ಕೈ ಹಳೆಯದಾದರೆ ನಡೆಯದು. ಎಷ್ಟೇ ಹಗುರವಾದ ಇಮೇಲ್ ತಂತ್ರಾಂಶ ಹುಡುಕಿ ತಂದರೂ ಇದೊಂದು ಭಾರವನ್ನು ಹೊರಲೇಬೇಕು. ಸಂಜೆ ಡೆಬಿಯನ್ನಿನ ಹೊಸ ಆವೃತ್ತಿಯನ್ನು ಪೆನ್‌ಡ್ರೈವಿನಿಂದ ಹಾಕಿ, ಮೇಲೆ ಎಲ್‌ಎಕ್ಸ್‌ಕ್ಯೂಟಿ ಎಂಬ ತೆಳು ಮೇಜುಹಾಸನ್ನು ಹರವಿದೆ. ಯಂತ್ರದ ವಯಸ್ಸು ಅಷ್ಟೇ ಇತ್ತು, ಬುದ್ಧಿ ಮಾತ್ರ ಹೊಸದಾಯಿತು.

ಇನ್ನು ಅಸಲು ಪ್ರಶ್ನೆ. 2 ಜಿಬಿಯಲ್ಲಿ ಇಮೇಲ್ ಓದಲು ಯಾವ ತಂತ್ರಾಂಶ ಹಗುರ?

ಅದಕ್ಕೆ ಮೊದಲು ಇಮೇಲ್ ಎಷ್ಟು ಭಾರ ಎಂದು ನೋಡಬೇಕು. ಮಾವನಿಗೆ ನಾನು ವಿವರಿಸಿದ್ದು ಕಾವೇರಿಯ ಲೆಕ್ಕದಲ್ಲಿ, ಮೆಟ್ಟೂರಿನಲ್ಲಿ ಬೇರೆ ಉಪಮೆ ಹುಡುಕುವ ಅಗತ್ಯವೇ ಇಲ್ಲ. ನೀರು ಕನ್ನಂಬಾಡಿಯಿಂದ ಹೊರಟರೆ ನೇರ ತಂಜಾವೂರಿನ ಗದ್ದೆಗೆ ಹಾರುವುದಿಲ್ಲ. ಒಂದು ಕಟ್ಟೆಯಲ್ಲಿ ನಿಲ್ಲುತ್ತದೆ, ಮುಂದಕ್ಕೆ ಬಿಟ್ಟಾಗ ಹೋಗುತ್ತದೆ, ಮತ್ತೊಂದರಲ್ಲಿ ನಿಲ್ಲುತ್ತದೆ. ನಡುವೆ ಬಿಳಿಗುಂಡ್ಲುವಿನಲ್ಲಿ ಕೇಂದ್ರ ಜಲ ಆಯೋಗದವರು ಅಳೆದು ಬರೆದುಕೊಳ್ಳುತ್ತಾರೆ. ಇಮೇಲ್ ಕೂಡ ಹಾಗೆಯೇ. ಸರ್ವರಿನಿಂದ ಸರ್ವರಿಗೆ ತಂಗುತ್ತ ಹೋಗುತ್ತದೆ. ದಾಟಿದ ಪ್ರತಿ ಸರ್ವರೂ “ಇಷ್ಟು ಗಂಟೆಗೆ ಇಂಥವರಿಂದ ಪಡೆದೆ” ಎಂದು ಕಾಗದದ ತಲೆಯ ಮೇಲೆ ಒಂದು ಮುದ್ರೆ ಒತ್ತುತ್ತದೆ. ಹೊಸ ಮುದ್ರೆ ಯಾವಾಗಲೂ ಹಳೆಯದರ ಮೇಲೆ, ಹಾಗಾಗಿ ಕೆಳಗಿನಿಂದ ಮೇಲಕ್ಕೆ ಓದಿದರೆ ಕಾಗದ ನಡೆದ ದಾರಿ ಸಿಗುತ್ತದೆ. ಕೊಳ್ಳೇಗಾಲದಿಂದ ಮೆಟ್ಟೂರಿಗೆ ಮಾದಪ್ಪನ ಬೆಟ್ಟ, ಪಾಲಾರ್, ಕೊಳತ್ತೂರಿನ ಮೇಲೆ ಅರ್ಧ ದಿನದ ಬಸ್ಸು. ಕಾಗದ ಮಾತ್ರ ಯಾವುದೋ ಖಂಡಾಂತರದ ಸರ್ವರಿಗೆ ಹೋಗಿ ಬಂದಿರುತ್ತದೆ.

ಈ ಏರ್ಪಾಡಿನ ಮೂಲ ನಿಯಮಗಳನ್ನು ಜಾನ್ ಪೋಸ್ಟೆಲ್ 1982ರಲ್ಲಿ ಬರೆದಿಟ್ಟರು. ಅದಕ್ಕೂ ಹನ್ನೊಂದು ವರ್ಷ ಮೊದಲು, 1971ರಲ್ಲಿ, ಅಮೆರಿಕದ ಕೇಂಬ್ರಿಜ್‌ನಲ್ಲಿ ರೇ ಟಾಮ್ಲಿನ್‌ಸನ್ ಒಂದು ಕಂಪ್ಯೂಟರಿನಿಂದ ಪಕ್ಕದಲ್ಲೇ ಇದ್ದ ಇನ್ನೊಂದಕ್ಕೆ ಜಾಲದ ಮೂಲಕ ಪತ್ರ ಕಳಿಸಿದ್ದರು. ಹೆಸರಿಗೂ ಊರಿಗೂ ನಡುವೆ @ ಗುರುತು ಇಟ್ಟವರೂ ಅವರೇ. ಅವರ ಯಂತ್ರಗಳ ಮುಂದೆ ಮಾವನ ಲ್ಯಾಪ್‌ಟಾಪ್ ಐರಾವತ. ನಮ್ಮ ದೇಶದಲ್ಲೇ ನೋಡಿ, ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಜನರಿಗೆ ಇಂಟರ್‌ನೆಟ್ ಕೊಟ್ಟಾಗ ಎಷ್ಟೋ ಮಂದಿ ಇಮೇಲ್ ಓದಿದ್ದು ಕಪ್ಪು ಪರದೆಯ ಮೇಲೆ, ಬರೀ ಅಕ್ಷರದಲ್ಲಿ, ಪೈನ್ ಎಂಬ ತಂತ್ರಾಂಶದಿಂದ. ಅದು ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ 1989ರಲ್ಲಿ ಹುಟ್ಟಿದ್ದು. ಫೋನಿನ ತಂತಿಯಲ್ಲಿ ಕೀಚು ಕೀಚು ಎನ್ನುವ ಮೋಡೆಮ್ಮಿಗೂ ಆ ಪತ್ರ ಭಾರವಾಗುತ್ತಿರಲಿಲ್ಲ.

ಹಾಗಾದರೆ ಈಗ ಭಾರ ಎಲ್ಲಿಂದ ಬಂತು?

ಒಂದು ಪಾಲು ಬಂದದ್ದು 1992ರಲ್ಲಿ. ಆ ವರ್ಷ ನಥಾನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಸೇರಿ ಮೈಮ್ ಎಂಬ ಪದ್ಧತಿ ತಂದರು. ಪತ್ರಕ್ಕೆ ಚಿತ್ರ, ಧ್ವನಿ, ಕಡತ ಲಗತ್ತಿಸಲು ಸಾಧ್ಯವಾದದ್ದು ಅದರಿಂದ. ಆದರೆ ಅಂಚೆಯ ಹಳೇ ದಾರಿಯಲ್ಲಿ ಇಂಗ್ಲಿಷಿನ ಸಾದಾ ಅಕ್ಷರಗಳಿಗೆ ಮಾತ್ರ ಪ್ರವೇಶ. ಚಿತ್ರ ಹೋಗಬೇಕೆಂದರೆ ಅಕ್ಷರದ ವೇಷ ಹಾಕಿಕೊಂಡೇ ಹೋಗಬೇಕು. ಬೇಸ್64 ಎಂಬ ಈ ವೇಷಕ್ಕೆ ಒಂದು ತೆರಿಗೆ ಇದೆ: ಮೂರು ಬೈಟಿಗೆ ನಾಲ್ಕು ಅಕ್ಷರ. ಮೆಟ್ಟೂರು ಅಣೆಕಟ್ಟಿನ ನೀರಿಳಿದಾಗ ಪಣ್ಣವಾಡಿಯ ಹತ್ತಿರ ಮೇಲೇಳುವ ಹಳೇ ಗುಡಿಯ ನಂದಿಯ 3 ಎಂಬಿ ಫೋಟೋ ತೆಗೆದು ಮಾವ ಕಳಿಸಿದರೆ, ದಾರಿಯಲ್ಲಿ ಅದು 4 ಎಂಬಿಗಿಂತ ಸ್ವಲ್ಪ ಹೆಚ್ಚೇ ತೂಗುತ್ತದೆ. ಆ ನಂದಿ ಮಾವನಿಗೆ ಬರೀ ಚಿತ್ರವಲ್ಲ. 1925ರಲ್ಲಿ ಶುರುವಾಗಿ 1934ರಲ್ಲಿ ಮುಗಿದ ಅಣೆಕಟ್ಟಿನ ಹಿಂದೆ, 120 ಅಡಿ ನೀರಿನ ಕೆಳಗೆ ಹೋದ ಊರುಗಳಲ್ಲಿ ಅವರಪ್ಪನ ಊರೂ ಒಂದು. ಕೊಳ್ಳೇಗಾಲದ ಅಜ್ಜಿ ಮನೆಯಲ್ಲಿ ನಾಲ್ಕು ವರ್ಷ ಓದಿದ್ದರಿಂದ ಮಾವನಿಗೆ ಕನ್ನಡ ಅಕ್ಷರ ಬಂತು. ಮನೆಯಲ್ಲಿ ಕನ್ನಡ ಆಡುವ ಅವರ ಓರಗೆಯವರಲ್ಲಿ ಅನೇಕರಿಗೆ ತಮಿಳು ಅಕ್ಷರ ಮಾತ್ರ ಗೊತ್ತು.

ಫೋಟೋದ ತೂಕ ಕೇಳಿ ಪಡೆದದ್ದು, ಅದಕ್ಕೆ ಬೇಸರವಿಲ್ಲ. ಬೇಸರ ಕೇಳದೆ ಬರುವುದರ ಮೇಲೆ. ಮಾವನಿಗೆ ಬರುವ ಅಂಚೆಯಲ್ಲಿ ಒಂದನ್ನು ಬಿಚ್ಚಿ ಅದರ ಮೂಲಪಾಠ ನೋಡಿದೆ. “ನಿಮ್ಮ ಖಾತೆಗೆ ಇಷ್ಟು ಹಣ ಜಮೆಯಾಗಿದೆ” ಎಂಬ ಅರ್ಥದ ಒಂದೇ ವಾಕ್ಯ. ಅದರ ಸುತ್ತ ಬಣ್ಣ, ಕೋಷ್ಟಕ, ಲಾಂಛನ, ಹಬ್ಬದ ಸಾಲದ ಜಾಹೀರಾತು, ವೆಬ್ ಪುಟದ ಭಾಷೆಯಾದ ಎಚ್‌ಟಿಎಂಎಲ್ಲಿನ ಹತ್ತಾರು ಪುಟ. ಕಣ್ಣಿಗೆ ಕಾಣದ ಒಂದು ಚುಕ್ಕೆ ಚಿತ್ರವೂ ಇತ್ತು. ನೀವು ಪತ್ರ ತೆರೆದ ಕೂಡಲೇ ಅದು ಕಳಿಸಿದವರ ಸರ್ವರಿನಿಂದ ಇಳಿಯುತ್ತದೆ, ಇಳಿದದ್ದರಿಂದಲೇ ನೀವು ಓದಿದ ಹೊತ್ತು ಅವರಿಗೆ ತಿಳಿಯುತ್ತದೆ. ಇಂಥ ಪತ್ರದ ಜೊತೆಗೇ ಸಾದಾ ಅಕ್ಷರದ ಪ್ರತಿಯನ್ನೂ ಇಡಬಹುದು, ಮೈಮ್‌ನಲ್ಲಿ ಅದಕ್ಕೆ ಜಾಗವಿದೆ. ಮರ್ಯಾದಸ್ಥರು ಇಡುತ್ತಾರೆ. ಉಳಿದವರ ಸಾದಾ ಪ್ರತಿಯಲ್ಲಿ “ದಯವಿಟ್ಟು ಬ್ರೌಸರಿನಲ್ಲಿ ನೋಡಿ” ಎಂದಿರುತ್ತದೆ.

ಎಚ್‌ಟಿಎಂಎಲ್ ಬಿಡಿಸಿ ತೋರಿಸಬೇಕಾದರೆ ತಂತ್ರಾಂಶದ ಹೊಟ್ಟೆಯಲ್ಲಿ ಒಂದಿಡೀ ಬ್ರೌಸರ್ ಎಂಜಿನ್ ಇರಬೇಕು. ಥಂಡರ್‌ಬರ್ಡ್ ಒಳ್ಳೆಯ ತಂತ್ರಾಂಶ, 2004ರಿಂದ ಜನರ ಕೈಯಲ್ಲಿದೆ, ನಾನೂ ಬಳಸುತ್ತೇನೆ. ಆದರೆ ಅದು ಫೈರ್‌ಫಾಕ್ಸಿನ ಒಡಹುಟ್ಟು, ಒಳಗಿರುವ ಎಂಜಿನ್ನೂ ಅದೇ. ಮಾವನ ಯಂತ್ರದಲ್ಲಿ ಹಾಕಿ ನೋಡಿದೆ. ಸುಮ್ಮನೆ ಕೂತಿದ್ದರೂ ನೂರಾರು ಎಂಬಿ ಹಿಡಿಯಿತು. ಬ್ರೌಸರಿನಲ್ಲೇ ಜಿಮೇಲ್ ತೆರೆಯುವುದು ಇದಕ್ಕಿಂತ ಭಾರ. ಮೊದಲು ಅದಕ್ಕೊಂದು ಸರಳ ರೂಪವಿತ್ತು, ಹಳೆ ಯಂತ್ರದವರಿಗೆ ಹಿತ್ತಲ ಬಾಗಿಲಿನಂತೆ. 2024ರ ಆರಂಭದಲ್ಲಿ ಗೂಗಲ್ ಅದನ್ನು ಮುಚ್ಚಿತು.

ರ‍್ಯಾಮ್ ತುಂಬಿದರೆ ಏನಾಗುತ್ತದೆ ಎಂಬುದನ್ನು ಹಳೆ ಲ್ಯಾಪ್‌ಟಾಪಿನವರು ಕಿವಿಯಿಂದಲೇ ಹೇಳಬಲ್ಲರು. ಹಾರ್ಡ್ ಡಿಸ್ಕ್ ಕರಕರ ಎನ್ನಲು ಶುರುಮಾಡುತ್ತದೆ. ರ‍್ಯಾಮ್‌ನಲ್ಲಿ ಜಾಗ ಸಾಲದಾಗ ಲಿನಕ್ಸ್ ಕೆಲವು ಪುಟಗಳನ್ನು ಡಿಸ್ಕಿಗೆ ಸಾಗಿಸಿ, ಬೇಕಾದಾಗ ವಾಪಸು ತರುತ್ತದೆ. ರ‍್ಯಾಮ್‌ನಿಂದ ಒಂದು ಮಾತು ಹೆಕ್ಕಲು ಸುಮಾರು ನೂರು ನ್ಯಾನೋಸೆಕೆಂಡು ಸಾಕು. ತಿರುಗುವ ತಟ್ಟೆಯ ಮೇಲೆ ಸರಿಯಾದ ಜಾಗಕ್ಕೆ ಮುಳ್ಳು ಹೋಗಿ ಮುಟ್ಟಲು ಹತ್ತು ಮಿಲಿಸೆಕೆಂಡು. ಲಕ್ಷ ಪಟ್ಟು ವ್ಯತ್ಯಾಸ. ಅಡುಗೆಮನೆಯ ಡಬ್ಬಿಯಿಂದ ಉಪ್ಪು ತರುವವರು ಉಪ್ಪಿಗಾಗಿ ತೂತ್ತುಕುಡಿಗೆ ನಡೆದು ಹೋದ ಹಾಗೆ. “ನಿಧಾನ” ಎಂದು ನಾವು ಬೈಯುವುದು ಬಹಳ ಸಲ ಪ್ರೊಸೆಸರನ್ನಲ್ಲ, ಈ ನಡಿಗೆಯನ್ನು.

ಹಾಗಾಗಿ ನಾನು ಮೊದಲು ಕೈಹಾಕಿದ್ದು ಹಗುರದಲ್ಲಿ ಹಗುರವಾದ ಮಟ್ ಎಂಬ ತಂತ್ರಾಂಶಕ್ಕೆ. ಮೈಕಲ್ ಎಲ್ಕಿನ್ಸ್ 1995ರಲ್ಲಿ ಬರೆದದ್ದು. ಕಿಟಕಿ ಇಲ್ಲ, ಗುಂಡಿ ಇಲ್ಲ, ಮೌಸ್ ಬೇಕಿಲ್ಲ, ಟರ್ಮಿನಲ್ಲಿನ ಕಪ್ಪು ಪರದೆಯಲ್ಲೇ ಎಲ್ಲ. ಮಾವನ ಲ್ಯಾಪ್‌ಟಾಪಿನಲ್ಲಿ ಗುಂಡಿ ಒತ್ತುವಷ್ಟರಲ್ಲಿ ಎದ್ದು ನಿಂತಿತು. ಹಿಡಿದ ಜಾಗ ಹತ್ತಿಪ್ಪತ್ತು ಎಂಬಿ. ಬ್ಯಾಂಕಿನವರ ಇಂಗ್ಲಿಷ್ ವಾಕ್ಯ ಜಾಹೀರಾತಿನ ಸಿಪ್ಪೆ ಸುಲಿದುಕೊಂಡು ಒಂದೇ ಸಾಲಿನಲ್ಲಿ ಬಂತು. ಗೆದ್ದೆ ಅಂದುಕೊಂಡೆ.

ಆಮೇಲೆ ಪಾಂಡವಪುರದ ಪತ್ರ ತೆರೆದೆ. “ಮೆಟ್ಟೂರು” ಎಂದಿರಬೇಕಾದ ಕಡೆ ಮ ಒಂದು ಕಡೆ, ಅದರ ಎತ್ವ ಪಕ್ಕದ ಮನೆಯಲ್ಲಿ, ಟ ಆದಮೇಲೆ ಒಂದು ಒಂಟಿ ಅರ್ಧಾಕ್ಷರದ ಕೊಂಬು, ಮತ್ತೆ ಇನ್ನೊಂದು ಟ, ಕೊಂಚ ದೂರದಲ್ಲಿ ಅದರ ದೀರ್ಘ. ಮಾವ ಕನ್ನಡಕ ಏರಿಸಿ ನೋಡಿ, “ಇದೇನಪ್ಪಾ, ಅಕ್ಷರಾನೆಲ್ಲ ಬಿಸಿಲಿಗೆ ಹರಡವ್ರೆ?” ಅಂದರು.

ಇಂಗ್ಲಿಷಿನಲ್ಲಿ ಇಂಥ ಹಗುರ ತಂತ್ರಾಂಶಗಳ ಪಟ್ಟಿ ಬರೆಯುವವರು ಈ ಜಾಗಕ್ಕೆ ಬರುವುದಿಲ್ಲ. ಅವರ ಅಕ್ಷರಗಳು ಒಂದರ ಪಕ್ಕ ಒಂದು ಸುಮ್ಮನೆ ಕೂರುತ್ತವೆ. ನಮ್ಮವು ಹಾಗಲ್ಲ. ಕಂಪ್ಯೂಟರಿನ ಒಳಗೆ “ಮೆಟ್ಟೂರು” ಎಂಬುದು ಎಂಟು ತುಣುಕು: ಮ, ಎತ್ವ, ಟ, ಅರ್ಧಾಕ್ಷರದ ಗುರುತು, ಟ, ಊತ್ವ, ರ, ಉತ್ವ. ಕನ್ನಡ ಗಣಕ ಪರಿಷತ್ತಿನ ಕೀಲಿಮಣೆಯಲ್ಲಿ ಒತ್ತುವುದೂ ಎಂಟೇ ಕೀಲಿ, ನಡುವಿನ ಎಫ್ ಕೀಲಿ ಅರ್ಧಾಕ್ಷರಕ್ಕೆ. ಯೂನಿಕೋಡ್ ಕನ್ನಡಕ್ಕೆ ಜಾಗ ಕೊಟ್ಟದ್ದು 1991ರ ತನ್ನ ಮೊದಲ ಆವೃತ್ತಿಯಲ್ಲೇ. ಕಡತದಲ್ಲಿ ಬರೆಯುವಾಗ ಒಂದು ತುಣುಕಿಗೆ ಮೂರು ಬೈಟಿನಂತೆ 24 ಬೈಟ್. ಇಂಗ್ಲಿಷಿನಲ್ಲಿ ಬರೆದರೆ ಆರೇ ಬೈಟ್. ಈ ನಾಲ್ಕು ಪಟ್ಟು ಲೆಕ್ಕ ತೋರಿಸಿ, ಕನ್ನಡ ಕಂಪ್ಯೂಟರಿಗೆ ಭಾರ ಎಂದು ಹೇಳುವವರನ್ನು ನಾನು ಕಂಡಿದ್ದೇನೆ.

ತಮಿಳಿನ ಮೇಟ್ಟೂರ್ ನೋಡಿ, ಅದೂ ಎಂಟು ತುಣುಕು, 24 ಬೈಟ್. ಇನ್ನೂ ಹತ್ತಿರ ಹೋದರೆ ಒಂದು ಸೊಗಸು ಕಾಣುತ್ತದೆ. ಕನ್ನಡದ ಕ ಅಕ್ಷರದ ಮೂರು ಬೈಟುಗಳು 224, 178, 149. ತಮಿಳಿನ ಕ ಅಕ್ಷರದವು 224, 174, 149. ಮೊದಲದೂ ಕೊನೆಯದೂ ಒಂದೇ, ನಡುವಿನದು ಮಾತ್ರ ಬೇರೆ. ನಮ್ಮ ಲಿಪಿಗಳನ್ನೆಲ್ಲ ಒಂದೇ ವರ್ಣಮಾಲೆಯ ಅಚ್ಚಿನಲ್ಲಿ ಸಾಲಾಗಿ ಜೋಡಿಸಿದ ಇಸ್ಕಿ ಎಂಬ ಭಾರತೀಯ ಸಂಕೇತಪದ್ಧತಿಯಿಂದ ಯೂನಿಕೋಡ್ ಎತ್ತಿಕೊಂಡ ಕ್ರಮ ಅದು. ಮಾವನ ಮನೆಯಲ್ಲಿ ಅಪ್ಪ ಕನ್ನಡದಲ್ಲಿ, ಮಗಳು ತಮಿಳಿನಲ್ಲಿ ಬರೆದ ಪತ್ರಗಳು ಒಂದೇ ಪೆಟ್ಟಿಗೆಯಲ್ಲಿ ಅಕ್ಕಪಕ್ಕ ಮಲಗಿವೆ. ಬೈಟಿನ ಮಟ್ಟದಲ್ಲಿ ಅವುಗಳ ನಡುವಿನ ಅಂತರ ಕೂದಲೆಳೆ.

ಅಂತರ ಹಿಗ್ಗುವುದು ಪರದೆಯ ಮೇಲೆ. ತಮಿಳಿನಲ್ಲಿ ಎರಡು ಟ ಅಕ್ಕಪಕ್ಕ ನಿಂತು ಮೊದಲನೆಯದರ ತಲೆಗೆ ಒಂದು ಚುಕ್ಕಿ ಇಟ್ಟರೆ ದ್ವಿತ್ವ ಮುಗಿಯಿತು. ಟರ್ಮಿನಲ್ ಪರದೆಯನ್ನು ಚದುರಂಗದ ಹಾಸಿನಂತೆ ಸಮ ಮನೆಗಳಾಗಿ ಗೀಟು ಹಾಕಿಟ್ಟುಕೊಂಡಿರುತ್ತದೆ. ಟ ಚುಕ್ಕಿ ಟ ಎಂಬುದು ಅದರಲ್ಲಿ ಹೇಗೋ ಒಗ್ಗುತ್ತದೆ. ಹಾಗೆಂದು ತಮಿಳಿಗೂ ಪೂರ್ತಿ ಬಿಡುಗಡೆಯಿಲ್ಲ. ಮೇ ಎಂದು ಬರೆಯಲು ಏತ್ವ ಮಕಾರಕ್ಕಿಂತ ಮುಂಚೆ, ಎಡಕ್ಕೆ, ಹೋಗಿ ನಿಲ್ಲಬೇಕು. ಟರ್ಮಿನಲ್ ಅಲ್ಲಿ ಎಡವುತ್ತದೆ. ಕನ್ನಡದಲ್ಲಿ ಎಡವುವ ಜಾಗಗಳು ಹೆಚ್ಚು. ಎರಡನೆಯ ಟ ಆಕಾರ ಬದಲಿಸಿ, ಮೈ ಕುಗ್ಗಿಸಿ, ಮೊದಲನೆಯದರ ಕೆಳಗೆ ಒತ್ತಾಗಿ ಕೂರಬೇಕು. ಊತ್ವ ಒತ್ತಿಗೆ ಅಂಟದೆ ಮೇಲಿನ ಅಕ್ಷರಕ್ಕೇ ಹೋಗಬೇಕು. “ಮಾರ್ಗ” ಎಂಬಲ್ಲಿ ಮೊದಲು ಉಚ್ಚರಿಸುವ ರಕಾರ, ಅರ್ಕಾವೊತ್ತಾಗಿ ಗಕಾರವನ್ನು ದಾಟಿ ಬಲಕ್ಕೆ ಬರಬೇಕು. ಈ ಕಟ್ಟಳೆಯನ್ನೇ ಪಾಲಿಸಿದರೆ “ರ‍್ಯಾಮ್” ಕೆಡುತ್ತದೆ, ಅಲ್ಲಿ ರ ಜಾಗ ಬಿಡದೆ ಕೂತು ಯಕಾರವೇ ಒತ್ತಾಗಬೇಕು. ಅದಕ್ಕೆ ಕಣ್ಣಿಗೆ ಕಾಣದ ಒಂದು ಕೂಡುಗುರುತನ್ನು ನಡುವೆ ಇಡಬೇಕು. ನೀವು ಇಷ್ಟು ಹೊತ್ತು ಓದಿದ ರ‍್ಯಾಮ್‌ಗಳಲ್ಲೆಲ್ಲ ಅದು ಅಡಗಿ ಕೂತಿದೆ.

ಈ ಜೋಡಣೆಯ ಕೆಲಸ ಫಾಂಟ್ ಒಂದರಿಂದಲೇ ಆಗುವುದಿಲ್ಲ. ಫಾಂಟು ಒತ್ತುಗಳ ಚಿತ್ರವನ್ನೂ, ಯಾವುದು ಯಾವುದರ ಜೊತೆ ಸೇರಿದರೆ ಏನಾಗಬೇಕೆಂಬ ಕೋಷ್ಟಕವನ್ನೂ ಕೊಡುತ್ತದೆ. ಅದನ್ನು ಓದಿ, ತುಣುಕುಗಳನ್ನು ಹಿಂದುಮುಂದು ಮಾಡಿ, ಕೂರಿಸುವ ಅಕ್ಕಸಾಲಿ ಬೇರೆಯೇ ಇರಬೇಕು. ಲಿನಕ್ಸಿನಲ್ಲಿ ಆ ಅಕ್ಕಸಾಲಿಯ ಹೆಸರು ಹಾರ್ಫ್‌ಬಜ್. ಅದರ ಮುಖ್ಯ ಶಿಲ್ಪಿ ಇರಾನ್ ಮೂಲದ ಬೆಹದಾದ್ ಇಸ್ಫಹ್‌ಬೋದ್. ತನ್ನ ಪರ್ಷಿಯನ್ ಲಿಪಿ ಸರಿಯಾಗಿ ಕಾಣಲಿ ಎಂಬ ಹಂಬಲವಿದ್ದವನ ಕೈ ಸೇರಿದ್ದರಿಂದ ನಮ್ಮ ಒತ್ತಕ್ಷರವೂ ಸರಿಹೋಯಿತು ಎಂಬುದು ನನಗೆ ಇಷ್ಟವಾದ ಸಂಗತಿ. ಹೆಸರೂ ಪರ್ಷಿಯನ್ನೇ, ಫಾಂಟುಗಳ “ಓಪನ್ ಟೈಪ್” ಎಂಬುದರ ಅನುವಾದ.

ಈಗ ತಕ್ಕಡಿ ತರಬಹುದು. ಡಿಸ್ಕಿನ ಮೇಲೆ ಹಾರ್ಫ್‌ಬಜ್‌ನ ಗ್ರಂಥಾಲಯ ಸುಮಾರು ಒಂದು ಎಂಬಿ. ಒಂದು ಕನ್ನಡ ಫಾಂಟ್ ಕೆಲವು ನೂರು ಕೆಬಿ. ಎಚ್‌ಟಿಎಂಎಲ್ ತೋರಿಸುವ ಬ್ರೌಸರ್ ಎಂಜಿನ್ನಿನ ಗ್ರಂಥಾಲಯ ಹತ್ತಾರು ಎಂಬಿ, ಓಡಲು ಶುರುಮಾಡಿದ ಮೇಲೆ ಅದು ಬೇಡುವ ರ‍್ಯಾಮ್ ನೂರಾರು. ಸಾವಿರ ವರ್ಷ ಕಲ್ಲಿನ ಮೇಲೂ ತಾಳೆಗರಿಯ ಮೇಲೂ ಕೊರೆದುಕೊಂಡು ಬಂದ ಒತ್ತು, ದೀರ್ಘ, ಅರ್ಕಾವೊತ್ತುಗಳ ಒಟ್ಟು ಖರ್ಚು ಮಾವನ ಒಂದು ಫೋಟೋದಷ್ಟೂ ಇಲ್ಲ. ಬ್ಯಾಂಕಿನ ಹಬ್ಬದ ಸಾಲದ ಜಾಹೀರಾತಿನ ಖರ್ಚು ಅದರ ನೂರು ಪಟ್ಟು. ಮಟ್ ಎರಡನ್ನೂ ಬಿಸಾಕಿತ್ತು. ನಮಗೆ ಬೇಕಾದದ್ದು ಮೊದಲನೆಯದನ್ನು ಇಟ್ಟುಕೊಂಡು ಎರಡನೆಯದನ್ನು ಮಾತ್ರ ಬಿಡುವಂಥದು.

ಅದು ಕ್ಲಾಸ್ ಮೇಲ್. ಜಪಾನಿನ ಹಿರೋಯುಕಿ ಯಮಾಮೊಟೊ ಬರೆದ ಸಿಲ್ಫೀಡ್ ಎಂಬ ತಂತ್ರಾಂಶದಿಂದ 2001ರಲ್ಲಿ ಕವಲೊಡೆದದ್ದು. ಕಿಟಕಿ, ಗುಂಡಿ, ಮೂರು ಅಂಕಣ ಎಲ್ಲ ಇವೆ. ಅಕ್ಷರ ಬರೆಯುವ ಕೆಲಸವನ್ನು ಜಿಟಿಕೆ, ಪ್ಯಾಂಗೋ ಎಂಬ ಗ್ರಂಥಾಲಯಗಳ ದಾರಿಯಲ್ಲಿ ಹಾರ್ಫ್‌ಬಜ್‌ಗೆ ಒಪ್ಪಿಸುತ್ತದೆ. ಎಚ್‌ಟಿಎಂಎಲ್ ಪತ್ರ ಬಂದರೆ ಅದರಿಂದ ಬರೀ ಪಠ್ಯ ಹೆಕ್ಕಿ ತೋರಿಸುತ್ತದೆ, ಬಣ್ಣ ಬೇಕೇಬೇಕು ಎನ್ನುವವರು ಪ್ಲಗಿನ್ ಹಾಕಿಕೊಳ್ಳಬಹುದು. ಕಾಣದ ಚುಕ್ಕೆ ಇಳಿಯುವುದೇ ಇಲ್ಲ. ಪತ್ರಗಳನ್ನು ಒಂದೊಂದು ಪತ್ರಕ್ಕೆ ಒಂದೊಂದು ಕಡತದಂತೆ ಇಡುತ್ತದೆ, ಹಾಗಾಗಿ ಕರೆಂಟು ಹೋಗಿ ಯಂತ್ರ ಆರಿದರೂ ಕೆಡುವುದು ಹೆಚ್ಚೆಂದರೆ ಒಂದು ಪತ್ರ. ಬ್ಯಾಟರಿ ಸತ್ತ ಲ್ಯಾಪ್‌ಟಾಪಿಗೆ ಇದು ಸಣ್ಣ ಅನುಕೂಲವಲ್ಲ. ಹತ್ತಾರು ಎಂಬಿಯಲ್ಲಿ ಓಡಿತು, ಡಿಸ್ಕು ಮೌನವಾಗಿತ್ತು.

ಜೋಡಿಸುವಾಗ ಕೇಳುವ ಪ್ರಶ್ನೆಗಳಲ್ಲಿ ಯೋಚಿಸಬೇಕಾದದ್ದು ಒಂದೇ: ಪಿಒಪಿಯೋ ಐಮ್ಯಾಪೋ? ಮೊದಲನೆಯದು ನೀರನ್ನೆಲ್ಲ ನಿಮ್ಮ ಮನೆಯ ತೊಟ್ಟಿಗೆ ತುಂಬಿಸಿಕೊಳ್ಳುವ ರೀತಿ. ಎರಡನೆಯದರಲ್ಲಿ ನೀರು ಅಣೆಕಟ್ಟಿನಲ್ಲೇ ಇರುತ್ತದೆ, ನಿಮಗೆ ಕಾಣುವುದು ಮಟ್ಟದ ಪಟ್ಟಿ, ಬೇಕಾದಾಗ ಬೇಕಾದಷ್ಟು ತೂಬು ಎತ್ತುತ್ತೀರಿ. ಮಾವ ಫೋನಿನಲ್ಲೂ ಅದೇ ಅಂಚೆ ನೋಡುವುದರಿಂದ, ಹಾಟ್‌ಸ್ಪಾಟಿನ ಡೇಟಾಕ್ಕೆ ಲೆಕ್ಕವಿರುವುದರಿಂದ, ಐಮ್ಯಾಪ್. ಮೊದಲು ಪತ್ರಗಳ ತಲೆಬರಹ ಮಾತ್ರ ಇಳಿಯುತ್ತದೆ, ತೆರೆದದ್ದರ ಒಡಲು ಆಮೇಲೆ. ಜಿಮೇಲಿನವರಾದರೆ ಒಂದು ಅಡಚಣೆ. 2022ರ ಮೇ ಕೊನೆಯಿಂದ ಬರೀ ಸಾದಾ ಪಾಸ್‌ವರ್ಡ್ ಕೊಟ್ಟು ಹೊರಗಿನ ತಂತ್ರಾಂಶದಿಂದ ಒಳಹೋಗಲು ಗೂಗಲ್ ಬಿಡುವುದಿಲ್ಲ. ಎರಡು ಹಂತದ ಪರಿಶೀಲನೆ ಹಾಕಿಸಿಕೊಂಡು, ಈ ತಂತ್ರಾಂಶಕ್ಕೆಂದೇ 16 ಅಕ್ಷರದ ಬೇರೆ ಪಾಸ್‌ವರ್ಡ್ ಪಡೆಯಬೇಕು. ಮಾವ ಅದನ್ನು ಪಂಚಾಂಗದ ಹಿಂಬದಿಯಲ್ಲಿ ಬರೆದಿಟ್ಟುಕೊಂಡರು. ಭದ್ರತೆಯ ಪಂಡಿತರು ಏನನ್ನಾದರೂ ಅನ್ನಲಿ, ಆ ಪಂಚಾಂಗವನ್ನು ಅತ್ತೆ ಬಿಟ್ಟರೆ ಯಾರೂ ಮುಟ್ಟುವುದಿಲ್ಲ.

ಗುಬ್ಬಿ ಎಂಬ ಕನ್ನಡ ಫಾಂಟ್ ಹಾಕಿ, ಅಳತೆ 18ಕ್ಕೆ ಏರಿಸಿದೆ. ಪಾಂಡವಪುರದ ಪತ್ರ ಮತ್ತೆ ತೆರೆದೆ. ಟಕಾರದ ಕೆಳಗೆ ಒತ್ತು ಬಂದು ಕೂತಿತ್ತು.

ಮಾವ ಅವತ್ತಿನಿಂದ ದಿನವೂ ಒಂದು ಇಮೇಲ್ ಕಳಿಸುತ್ತಾರೆ, ಬೆಳಿಗ್ಗೆ ಪೇಪರಿನಲ್ಲಿ ಅಣೆಕಟ್ಟಿನ ಮಟ್ಟ ನೋಡಿದ ಕೂಡಲೇ. ವಿಷಯದ ಸಾಲಿನಲ್ಲಿ “117 ಅಡಿ” ಎಂದಷ್ಟೇ, ಒಡಲು ಖಾಲಿ. ಕೆಟ್ಟ ಕುತೂಹಲಕ್ಕೆ ಒಂದು ದಿನ ಅದನ್ನು ತೂಗಿದೆ. ಅವರು ಬರೆದದ್ದು 13 ಬೈಟ್. ಹಳೇ ದಾರಿಯಲ್ಲಿ ಹೋಗಲು ಬೇಸ್64 ವೇಷ ಹಾಕಿದಾಗ 20 ಅಕ್ಷರ. “ಇದು ಯೂನಿಕೋಡು, ಇಂಥ ವೇಷದಲ್ಲಿದೆ” ಎಂಬ ಹಣೆಪಟ್ಟಿ ಸೇರಿ 32. ನನ್ನ ಪೆಟ್ಟಿಗೆ ತಲುಪುವಾಗ ಅದರ ತಲೆಯ ಮೇಲೆ ದಾಟಿದ ಸರ್ವರುಗಳ ಮುದ್ರೆ, ಕಳ್ಳ ಅಂಚೆಯಲ್ಲ ಎಂಬ ರುಜು, ರುಜುವಿಗೊಂದು ಸಾಕ್ಷಿ, ಎಲ್ಲ ಸೇರಿ ನಾಲ್ಕೈದು ಸಾವಿರ ಬೈಟ್.

ಪಾಂಡವಪುರದಿಂದಲೂ ಹಾಗೇ ಉತ್ತರ ಬರುತ್ತದೆ, ಕನ್ನಂಬಾಡಿಯ ಮಟ್ಟ, ಒಡಲು ಖಾಲಿ. ಅಲ್ಲಿ ತುಂಬಿದರೆ 124.80 ಅಡಿ, ಇಲ್ಲಿ 120. ನಾಲ್ಕು ದಿನ ಒಂದೇ ಅಂಕಿ ಬಂದರೆ ಮಾವ ನನಗೆ ಫೋನ್ ಮಾಡುತ್ತಾರೆ: “ಅವ್ನು ನೋಡ್ದೇನೇ ಕಳಿಸ್ತಾನೋ, ಇಲ್ಲ ನಿನ್ನ ತಂತ್ರಾಂಶ ಹಳೇದೇ ತೋರಿಸ್ತೈತೋ?”